ತಗೊಳ್ಳೋಣ ಅಂದವನು

ಕೃಷ್ಣಗಿರಿಯ ಒಂದು ಖಾಸಗಿ ಕಾಲೇಜಿನಿಂದ ಹೋದ ತಿಂಗಳು ಫೋನ್ ಬಂತು. ಅಲ್ಲೀಗ ಕಾರ್ಯಕ್ರಮ ನಡೆಸುವುದನ್ನೇ ಒಂದು ಕೋರ್ಸ್ ಮಾಡಿ ಕಲಿಸುತ್ತಾರಂತೆ. “ಇಷ್ಟು ವರ್ಷ ಇದೇ ಕೆಲಸ ಮಾಡಿದವರು ನೀವು. ಯಶಸ್ವಿ ಸೆಮಿನಾರ್ ನಡೆಸೋದು ಹೇಗೆ ಅಂತ ನಮ್ಮ ವಿದ್ಯಾರ್ಥಿಗಳಿಗೆ ಹತ್ತು ಪಾಯಿಂಟ್ ಬರೆದು ಕೊಡಿ ಸಾರ್” ಅಂದರು. ಬರೆದೆ. ಮೈಕು ಎರಡು ಇಟ್ಟುಕೊಳ್ಳಿ, ಒಂದು ಗಂಟೆಗೆ ಮುಂಚೆ ಊಟ ಹಾಕಬೇಡಿ, ಅತಿಥಿಯ ಇನಿಷಿಯಲ್ ತಪ್ಪಿಸಬೇಡಿ, ಹೀಗೆ. ಹತ್ತೂ ಸರಿಯಾಗಿದ್ದವು. ಆದರೆ ಹತ್ತನ್ನು ಓದಿದ ಮೇಲೂ ನಾನು ಮಾಡಿಕೊಂಡು ಬಂದ ಕೆಲಸ ಏನು ಅಂತ ಯಾರಿಗೂ ತಿಳಿಯುವುದಿಲ್ಲ ಅನ್ನಿಸಿತು. ಆ ಹಾಳೆ ಹರಿದು ಹಾಕಿ ಇದನ್ನು ಬರೆಯಲು ಕೂತಿದ್ದೇನೆ. ಕಾಲೇಜಿನವರು ಇದನ್ನು ಹಂಚುವುದಿಲ್ಲ ಅಂತ ಗೊತ್ತು. ಹಂಚದಿದ್ದರೂ ಪರವಾಗಿಲ್ಲ.

ನಾನು ಹೊಸೂರು ಕಡೆಯ ಬಾಗಲೂರು ಪಕ್ಕದ ಹಳ್ಳಿಯವನು. ಹೆಸರು ನಂಜಪ್ಪ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು, ಪಕ್ಕದ ಬೀದಿಯಲ್ಲಿ ತೆಲುಗು. ನಮ್ಮ ಕಡೆ ಇದು ಯಾರೂ ಹೊಗಳುವ ವಿದ್ಯೆಯಲ್ಲ, ಮೂರು ಭಾಷೆ ಬಾರದವನು ಬಸ್ಸು ಹತ್ತುವುದೂ ಕಷ್ಟ. ಹೊಸೂರಿನ ಸಣ್ಣ ಕಾರ್ಖಾನೆಗಳವರು, ವ್ಯಾಪಾರಿಗಳು ಸೇರಿ ಮಾಡಿಕೊಂಡ ಒಂದು ಸಂಘದಲ್ಲಿ ನನಗೆ ಕೆಲಸ ಸಿಕ್ಕಿದ್ದು ಆ ಮೂರು ಭಾಷೆಯಿಂದಲೇ. ತೆರಿಗೆ, ರಫ್ತು, ಗುಣಮಟ್ಟ, ಹೊಸ ಯಂತ್ರ ಅಂತ ತಿಂಗಳಿಗೊಂದು ವಿಚಾರ ಸಂಕಿರಣ ಮಾಡುವುದು ಸಂಘದ ಕೆಲಸ. ಹಾಲ್ ಹಿಡಿಯುವುದು, ಜನ ಸೇರಿಸುವುದು, ಬಂದ ದೊಡ್ಡವರ ಮಾತನ್ನು ಕನ್ನಡಕ್ಕೆ ಹೇಳುವುದು ನನ್ನ ಕೆಲಸ.

ಕಲಿಸಿದವರು ಸಂಘದ ಕಾರ್ಯದರ್ಶಿ ಸೆಲ್ವಮಣಿ ಸಾರ್. ತಿರುಚ್ಚಿ ಕಡೆಯವರು. ಮೊದಲ ದಿನವೇ ನನ್ನನ್ನು ಖಾಲಿ ಹಾಲಿನ ಮಧ್ಯೆ ನಿಲ್ಲಿಸಿ, “ನಂಜಪ್ಪಾ, ಒರು ಸೇರ್ ಕೂಡ ಕಾಲಿಯಾ ಇರುಕ್ಕಕ್ಕೂಡಾದು” ಅಂದರು. ಒಂದು ಕುರ್ಚಿಯೂ ಖಾಲಿ ಇರಕೂಡದು. ಮುನ್ನೂರು ಜನ ಬರುತ್ತಾರೆ ಅಂತಿದ್ದರೆ ನೂರೈವತ್ತು ಕುರ್ಚಿ ಹಾಕಬೇಕು. ಉಳಿದದ್ದನ್ನು ಹಿಂದೆ ಪರದೆ ಮರೆಯಲ್ಲಿ ಪೇರಿಸಿಡಬೇಕು. ಜನ ಬಂದ ಹಾಗೆಲ್ಲ ಎರಡೆರಡೇ ತಂದು ಹಾಕಬೇಕು. ಅತಿಥಿ ವೇದಿಕೆಯಿಂದ ನೋಡಿದಾಗ ಜಾಗ ಸಾಲದೆ ಕುರ್ಚಿ ತರಿಸುತ್ತಿದ್ದಾರೆ ಅಂತ ಕಾಣಬೇಕು. ಮುಂದಿನ ಸಾಲಿನಲ್ಲಿ ಯಾರಾದರೂ ಕೈಕೊಟ್ಟರೆ ಅಡುಗೆಯವರೋ ಡ್ರೈವರೋ, ಸಿಕ್ಕವರನ್ನು ಎರಡು ನಿಮಿಷದೊಳಗೆ ಕೂರಿಸಬೇಕು. ಫೋಟೋದವನು ಹನ್ನೊಂದೂವರೆಗೆ ವೇದಿಕೆ ಹತ್ತಿ ಜನರ ಕಡೆ ತಿರುಗಿ ಒಂದು ಚಿತ್ರ ತೆಗೆಯಬೇಕು. ಮಾರನೆಯ ದಿನ ಪೇಪರಿಗೆ ಹೋಗುವುದು ಆ ಚಿತ್ರ. ಅದರಲ್ಲಿ ಖಾಲಿ ಕುರ್ಚಿ ಕಂಡರೆ ಸೆಮಿನಾರ್ ಸೋತಂತೆ. ಯಾರು ಏನು ಮಾತಾಡಿದರು, ಯಾರಿಗೆ ಏನು ತಿಳಿಯಿತು ಅನ್ನುವುದು ಆ ಚಿತ್ರದಲ್ಲಿ ಕಾಣುವುದಿಲ್ಲ, ಅದರ ಚಿಂತೆಯೂ ಯಾರಿಗೂ ಇರಲಿಲ್ಲ.

ಸೆಲ್ವಮಣಿ ಸಾರ್ ಕೆಟ್ಟವರಲ್ಲ. ನನ್ನ ಮದುವೆಗೆ ಬಂದು ಪಂಕ್ತಿಯಲ್ಲಿ ಕೂತು ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡವರು. ಅವರಿಗೆ ಕಿವಿಯ ಮೇಲೆ ಮಾತ್ರ ನಂಬಿಕೆ. ಸಭೆ ಮುಗಿದ ಮೇಲೆ ಕೇಳುತ್ತಿದ್ದದ್ದು ಒಂದೇ, “ಕೈತಟ್ಟಲ್ ಎಪ್ಪಡಿ?” ಚಪ್ಪಾಳೆ ಹೇಗಿತ್ತು. ಜೋರಾಗಿತ್ತು ಅಂದರೆ ಆ ದಿನ ನನಗೂ ಒಂದು ಕಾಫಿ.

ನನ್ನ ಮೊದಲ ದೊಡ್ಡ ಎಡವಟ್ಟು ದೀಪದ್ದು. ಬತ್ತಿಗಳನ್ನು ಎಣ್ಣೆಯಲ್ಲಿ ನೆನೆಸಿಡಬೇಕು, ನೆತ್ತಿಯ ಮೇಲಿನ ಫ್ಯಾನು ಆರಿಸಬೇಕು ಅನ್ನುವುದು ಗೊತ್ತಿರಲಿಲ್ಲ. ಮುಖ್ಯ ಅತಿಥಿ ನಾಲ್ಕು ಸಲ ಹಚ್ಚಿದರು, ನಾಲ್ಕು ಸಲವೂ ಆರಿತು. ಐದನೆಯ ಸಲ ಅವರೇ ಜೇಬಿನಿಂದ ಲೈಟರ್ ತೆಗೆದರು. ಅವರು ಸಿಗರೇಟು ಸೇದುತ್ತಾರೆ ಅಂತ ಅವರ ಹೆಂಡತಿಗೆ ಗೊತ್ತಾದದ್ದು ಆಗಲೇ ಅಂತೆ, ಆಕೆ ಪಕ್ಕದಲ್ಲೇ ನಿಂತಿದ್ದರು.

ಎರಡನೆಯದು ಭಾಷೆಯದು. ಯಂತ್ರ ಮಾರುವವರೊಬ್ಬರು ತೆಲುಗಿನಲ್ಲಿ ಮಾತಾಡಿ, ಕೊನೆಗೆ ತಮ್ಮ ಮೇಜು ತೋರಿಸಿ “ಅವಸರಂ ಉನ್ನವಾಳ್ಳು ರಂಡಿ” ಅಂದರು. ಬೇಕಾದವರು ಬನ್ನಿ ಅಂತ ಅದರ ಅರ್ಥ. ತೆಲುಗಿನಲ್ಲಿ ಅವಸರ ಅಂದರೆ ಅಗತ್ಯ. ನಾನು ಗಡಿಬಿಡಿಯಲ್ಲಿ ಕನ್ನಡಕ್ಕೆ “ಅವಸರ ಇರುವವರು ಬನ್ನಿ” ಅಂದುಬಿಟ್ಟೆ. ಬಸ್ಸಿಗೆ ಹೊತ್ತಾಗುತ್ತೆ ಅನ್ನುವವರೆಲ್ಲ ದಡದಡ ಎದ್ದು ಮೇಜಿನ ಮುಂದೆ ಸಾಲು ನಿಂತರು. ಅಲ್ಲಿ ಊಟದ ಚೀಟಿ ಕೊಡುತ್ತಾರೆ ಅಂದುಕೊಂಡಿದ್ದರು. ಯಂತ್ರದವರಿಗೆ ಖುಷಿಯೋ ಖುಷಿ, ಹೊಸೂರಿನಲ್ಲಿ ಇಷ್ಟು ಬೇಡಿಕೆ ಇದೆಯಾ ಅಂತ. ಸೆಲ್ವಮಣಿ ಸಾರ್ ನನ್ನ ಬೆನ್ನು ತಟ್ಟಿದರು. ನಾನು ನಿಜ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ತಪ್ಪು ಹೇಳಿದರೂ ಸಭೆ ತುಂಬಿ ಕಂಡರೆ ಬೈಗುಳ ಬರುವುದಿಲ್ಲ ಅನ್ನುವುದನ್ನು ನಾನು ಕಲಿತದ್ದು ಅವತ್ತು. ನಗುವ ಸಂಗತಿಯೇ, ಬಹಳ ವರ್ಷ ಇದನ್ನು ಹೇಳಿ ನಗಿಸಿದ್ದೇನೆ. ಈಗ ಹೇಳುವಾಗ ನನಗೆ ನಗು ಬರುವುದಿಲ್ಲ.

ಇಷ್ಟು ಹೊತ್ತು ಸುತ್ತು ಹಾಕಿದ್ದು ಸಾಕು. ನನಗೆ ಹೇಳಬೇಕಾದದ್ದು ಮಿಡಿಸೌತೆಯ ವಿಷಯ.

ಬೆರಳುದ್ದದ ಸೌತೆಕಾಯಿ ಅದು. ಉಪ್ಪುನೀರಿನಲ್ಲಿ ಹಾಕಿ ಡ್ರಮ್ಮಿನಲ್ಲಿ ತುಂಬಿ ಹೊರದೇಶಕ್ಕೆ ಕಳಿಸುತ್ತಾರೆ. ನಮ್ಮವರು ತಿನ್ನುವುದಿಲ್ಲ. ಹುಳಿಗೂ ಬಾರದು, ಕೋಸಂಬರಿಗೂ ಬಾರದು. ದಿನವೂ ಬೆಳಿಗ್ಗೆ ಬೆರಳಿನಷ್ಟಿರುವಾಗಲೇ ಬಿಡಿಸಬೇಕು. ಒಂದು ದಿನ ಬಿಟ್ಟರೆ ಊದಿಕೊಳ್ಳುತ್ತದೆ, ಆಮೇಲೆ ದನಕ್ಕೇ ಸರಿ. ಕಂಪನಿಯವರು ದಿನವೂ ಗಾಡಿ ಕಳಿಸಿ ತೆಗೆದುಕೊಂಡು ಹೋದರೆ ಮಾತ್ರ ಅದು ಬೆಳೆ.

ಅಂಥ ಒಂದು ಕಂಪನಿಯ ಅಧಿಕಾರಿಯನ್ನು ಕರೆಸಿ ಡೆಂಕಣಿಕೋಟೆಯ ಒಂದು ಕಲ್ಯಾಣ ಮಂಟಪದಲ್ಲಿ ರೈತರು ಮತ್ತು ರಫ್ತು ವ್ಯಾಪಾರ ಅಂತ ಸೆಮಿನಾರ್ ಇಟ್ಟೆವು. ಕಾರ್ಖಾನೆಯವರ ಸಂಘಕ್ಕೆ ರೈತರು ಯಾಕೆ ಅಂದರೆ, ಅಧ್ಯಕ್ಷರಿಗೆ ಆ ವರ್ಷ ಪೇಪರಿನಲ್ಲಿ ರೈತರ ಜೊತೆ ಕಾಣಿಸಿಕೊಳ್ಳುವ ಆಸೆ. ಜನ ಸೇರಿಸುವ ಭಾರ ನನ್ನ ಮೇಲೆ ಬಿತ್ತು. ಡೆಂಕಣಿಕೋಟೆ ಕಡೆಯವರು ರಾತ್ರಿಯೆಲ್ಲ ರಾಗಿ ಹೊಲದಲ್ಲಿ ಆನೆ ಕಾದು ಕಣ್ಣು ಕೆಂಪಾಗಿ ಬಂದಿದ್ದರು. ಸಂಖ್ಯೆ ಸಾಲದು ಅಂತ ನಮ್ಮ ಬಾಗಲೂರು ಕಡೆಯಿಂದಲೂ ಎರಡು ವ್ಯಾನು ತರಿಸಿದೆ. ಅದರಲ್ಲಿ ನಮ್ಮ ಪಾಪಕ್ಕನೂ ಬಂದಳು.

ಪಾಪಕ್ಕ ನನ್ನ ಅಕ್ಕ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನಾನು ನಡೆಯಲು ಕಲಿಯುವ ಮುಂಚೆ ಅವ್ವ ತೀರಿಕೊಂಡಳು, ಅಕ್ಕನೇ ಎತ್ತಿ ಆಡಿಸಿದಳು. ಅದೇ ಊರಿನಲ್ಲಿ ಮದುವೆಯಾಗಿ ಅಲ್ಲೇ ಉಳಿದಳು. ಮನೆಯ ಹಿಂದಿನ ಅರ್ಧ ಎಕರೆಯಲ್ಲಿ ಕನಕಾಂಬರ ಹಾಕಿದ್ದಳು. ಆ ತುಂಡು ಪೂರ್ತಿ ಅವಳದು, ಭಾವನವರು ಅದರ ತಂಟೆಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಹೂ ಬಿಡಿಸಿ ಹೊಸೂರಿನ ಮಾರ್ಕೆಟ್ಟಿಗೆ ತಾನೇ ಬಸ್ಸಿನಲ್ಲಿ ತರುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ಹಾಕಿಕೊಂಡ ಅಂಗಿ, ಬರೆದ ನೋಟ್‌ಬುಕ್ಕು ಎಲ್ಲ ಆ ಹೂವಿನಿಂದ ಬಂದವು. ಊರಿನಲ್ಲಿ ಅವಳ ಮಾತಿಗೆ ತೂಕ ಇತ್ತು, ಯಾಕೆಂದರೆ ಅವಳು ಯಾರ ಮುಂದೆಯೂ ಕೈ ಚಾಚಿದವಳಲ್ಲ.

ಅಧಿಕಾರಿ ತಮಿಳಿನಲ್ಲಿ ಮಾತಾಡಿದರು, ನಾನು ಕನ್ನಡಕ್ಕೆ ಹೇಳುತ್ತಾ ಹೋದೆ. ಹನ್ನೆರಡೂಮುಕ್ಕಾಲಕ್ಕೆ ಮಾತು ಮುಗಿಯಿತು. ಹಿಂದಿನಿಂದ ಸಾಂಬಾರಿನ ವಾಸನೆ ಬರುತ್ತಿತ್ತು. ಅರ್ಧ ಜನ ಎದ್ದು ನಿಂತಿದ್ದರು. ಆ ಹೊತ್ತಿನಲ್ಲಿ ನಮ್ಮ ಊರ ಕಡೆಯವರೊಬ್ಬರು ಕೈಯೆತ್ತಿ, “ಬಾಗಲೂರು ಕಡೆ ನಾವು ಬೆಳದ್ರೆ ನೀವು ತಗಂತೀರಾ ಸಾಮಿ?” ಅಂತ ಕೇಳಿದರು. ನಾನು ತಮಿಳಿಗೆ ಹೇಳಿದೆ. ಅಧಿಕಾರಿ ಗಡಿಯಾರ ನೋಡಿ, ಸೆಲ್ವಮಣಿ ಸಾರ್ ಕಡೆ ನೋಡಿ, “ಕ್ವಾಲಿಟಿ ಇರುಂದಾ ಅಂದ ಏರಿಯಾಲೇಯುಂ ಎಡುತ್ತುಕ್ಕಲಾಂ” ಅಂದರು.

ಇಲ್ಲಿ ಸ್ವಲ್ಪ ತಡೆದು ಓದಿ. ತಮಿಳಿನ ಈ ‘ಲಾಂ’ ಒಂದೇ ಆದರೂ ಕನ್ನಡದಲ್ಲಿ ಎರಡಾಗುತ್ತದೆ. ‘ಪೋಗಲಾಂ’ ಅಂದರೆ ಹೋಗಬಹುದು ಅಂತಲೂ ಆಯಿತು, ಹೋಗೋಣ ಅಂತಲೂ ಆಯಿತು. ಯಾವುದು ಅನ್ನುವುದನ್ನು ಹೇಳುವವನ ಮುಖ ನೋಡಿ ತಿಳಿಯಬೇಕು. ಅಧಿಕಾರಿ ಹೇಳಿದ್ದು ‘ತಗೊಳ್ಳಬಹುದು’. ಕಾಯಿ ಚೆನ್ನಾಗಿದ್ದರೆ, ಗಾಡಿ ಆ ಕಡೆ ಬಂದರೆ, ಮೇಲಿನವರು ಒಪ್ಪಿದರೆ, ನೋಡಬಹುದು. ನನಗೆ ಅದು ಚೆನ್ನಾಗಿ ಗೊತ್ತಾಗಿತ್ತು. ಅವರ ಮುಖದಲ್ಲಿ ಊಟ ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ಕ್ಷಣ ನನ್ನ ಬಾಯಲ್ಲಿ ಎರಡು ಮಾತೂ ಇದ್ದವು. ‘ಬಹುದು’ ಅಂದರೆ ಜನ ಗೊಣಗುತ್ತಾ ಊಟಕ್ಕೆ ಹೋಗುತ್ತಾರೆ. ಸಭೆ ಹಾಗೇ ಸಪ್ಪೆಯಾಗಿ ಮುಗಿಯುತ್ತದೆ. ನಾನು ಮೈಕು ಹತ್ತಿರಕ್ಕೆ ಎಳೆದುಕೊಂಡು, “ಕಾಯಿ ಚೆನ್ನಾಗಿ ಬೆಳೀರಿ, ನಿಮ್ಮ ಕಡೇದೂ ತಗೊಳ್ಳೋಣ!” ಅಂದೆ.

ಎಂಥ ಚಪ್ಪಾಳೆ ಅಂತೀರಿ. ಎದ್ದು ನಿಂತವರೂ ತಟ್ಟಿದರು. ಅಧಿಕಾರಿ ಕೈ ಮುಗಿದರು. ಫೋಟೋದವನು ಇನ್ನೊಂದು ಚಿತ್ರ ತೆಗೆದ. ಹೆಂಗಸರ ಕಡೆ ಮೂರನೆಯ ಸಾಲಿನಲ್ಲಿ ಅಕ್ಕ ಕೂತಿದ್ದಳು. ಚಪ್ಪಾಳೆ ತಟ್ಟದೆ ನನ್ನನ್ನೇ ನೋಡುತ್ತಿದ್ದಳು. ತಮ್ಮ ಇಷ್ಟು ದೊಡ್ಡವನಾದನಲ್ಲ ಅಂತ ಹೆಮ್ಮೆಯಿಂದ ನೋಡುತ್ತಿದ್ದಾಳೆ ಅಂದುಕೊಂಡೆ.

ಮೂರು ವಾರ ಬಿಟ್ಟು ಒಂದು ಭಾನುವಾರ ಊರಿಗೆ ಹೋದರೆ ಮನೆಯ ಹಿಂದೆ ಕೆಂಪು ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಕನಕಾಂಬರದ ಗಿಡಗಳನ್ನು ಬೇರು ಸಮೇತ ಕಿತ್ತು ಬೇಲಿ ಪಕ್ಕ ಗುಡ್ಡೆ ಹಾಕಿದ್ದಳು. ಸಾಲು ತೆಗೆದು, ಬಳ್ಳಿ ಹಬ್ಬಲು ಕಡ್ಡಿ ನೆಟ್ಟು, ತಂತಿ ಎಳೆಸಿದ್ದಳು.

“ಏನಕ್ಕ ಇದು?” ಅಂದೆ.

“ಮಿಡಿಸೌತೆ ಕಣ್ಲಾ ನಂಜ. ಬೀಜ ತರಿಸ್ಬುಟ್ಟೆ. ಅಂಗಡಿಯೋನು ನೀನು ಹೇಳ್ದಂಗೇ ಹೇಳ್ದ. ದಿನಾ ಬಸ್ಸಲ್ಲಿ ಹೂ ಹೊತ್ಕೊಂಡು ಹೋಗಿ ಸೊಂಟ ಬಿದ್ದೋಯ್ತು. ಗಾಡಿ ಮನೆ ಬಾಗ್ಲಿಗೇ ಬಂದ್ರೆ ಒಳ್ಳೇದೇ ಅಲ್ವಾ?”

ಆಗ ಹೇಳಬಹುದಿತ್ತು. ಅಕ್ಕ, ಅವರು ತಗೊಳ್ಳೋಣ ಅನ್ನಲಿಲ್ಲ, ಅದು ನಾನು ಸೇರಿಸಿದ್ದು ಅಂತ. ಬೀಜ ಇನ್ನೂ ಪೊಟ್ಟಣದಲ್ಲೇ ಇತ್ತು. ಕಿತ್ತ ಗಿಡ ಹೋದರೂ ಹೂವಿನ ಸಸಿಗೆ ಹೊಸದಾಗಿ ಒಟ್ಲು ಹಾಕಲು ಹೊತ್ತಿತ್ತು. ನಾನು ಹೇಳಲಿಲ್ಲ. ಅವಳು ರಾಗಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು, ಕೂತು ಉಂಡೆ. ಮೇಲಿನವರಿಗೆ ಹೇಳಿ ಸರಿ ಮಾಡಿಸುತ್ತೇನೆ ಅಂತ ನನಗೆ ನಾನೇ ಧೈರ್ಯ ಹೇಳಿಕೊಂಡೆ. ಈ ವೃತ್ತಿಯ ದೊಡ್ಡ ರೋಗ ಅದು. ವೇದಿಕೆಯ ಮೇಲೆ ದೊಡ್ಡವರ ಪಕ್ಕ ನಿಂತು ನಿಂತು, ನಾವೂ ಅವರಲ್ಲಿ ಒಬ್ಬರು, ನಾವು ಹೇಳಿದರೆ ಅವರು ಕೇಳುತ್ತಾರೆ ಅನ್ನಿಸಲು ಶುರುವಾಗುತ್ತದೆ.

ಮಾರನೆಯ ದಿನ ಆ ಅಧಿಕಾರಿಗೆ ಫೋನ್ ಮಾಡಿದೆ. ಬಾಗಲೂರು ಕಡೆಗೆ ಗಾಡಿ ಬರುತ್ತದೆಯಾ ಸಾರ್ ಅಂತ ಕೇಳಿದೆ. ಅವರು ಬಹಳ ಮರ್ಯಾದೆಯಿಂದ ಅಂದ ಮಾತು, “ಪಾಕ್ಕಲಾಂ ಸಾರ್.” ಮತ್ತೆ ಅದೇ ಲಾಂ. ನೋಡಬಹುದು, ನೋಡೋಣ. ಈ ಸಲ ಕನ್ನಡಕ್ಕೆ ಹೇಳಲು ಮುಂದೆ ಸಭೆ ಇರಲಿಲ್ಲ, ಹಾಗಾಗಿ ಅದರ ಅರ್ಥ ತಕ್ಷಣ ಹೊಳೆಯಿತು. ಸೆಲ್ವಮಣಿ ಸಾರ್‌ಗೆ ಹೇಳಿದೆ. “ನಮ್ಮ ಕೆಲಸ ಪರಿಚಯ ಮಾಡಿಸೋದು, ಅಷ್ಟೇ. ಆಮೇಲಿನದು ಅವರಿಗೂ ಇವರಿಗೂ ಬಿಟ್ಟದ್ದು” ಅಂತ ಅವರು ಕೈ ತೊಳೆದುಕೊಂಡರು. ನಿಮಗೆ ಕಾಲೇಜಿನಲ್ಲಿ ಇದನ್ನು ಬೇರೆ ಮಾತಿನಲ್ಲಿ ಕಲಿಸಬಹುದು.

ಕಾಯಿ ಬಂತು. ಅಕ್ಕ ಬೆಳೆದದ್ದು ಯಾವುದು ತಾನೆ ಕೆಟ್ಟಿತ್ತು? ಒಂದೊಂದೂ ಅಳೆದಿಟ್ಟ ಹಾಗೆ ಬೆರಳುದ್ದ, ಕಡು ಹಸಿರು. ಬೆಳಿಗ್ಗೆ ಬಿಡಿಸಿ, ಕ್ರೇಟಿನಲ್ಲಿ ಜೋಡಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ ರಸ್ತೆ ಬದಿಯ ಹುಣಸೆ ಮರದ ಕೆಳಗೆ ಕೂರುತ್ತಿದ್ದಳು. ನಾನು ಹೋದಾಗ ಹಾಗೇ ಕೂತಿದ್ದಳು. ಕಾರ್ಖಾನೆಗಳ ಬಸ್ಸು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಪ್ರತಿ ಗಾಡಿ ಬಂದಾಗಲೂ ಗೋಣಿ ಸರಿಸಲು ಕೈ ಹಾಕುತ್ತಿದ್ದಳು.

“ಎಷ್ಟು ದಿನದಿಂದ ಅಕ್ಕ?” ಅಂದೆ.

“ಹತ್ತು ಹನ್ನೆರ್ಡು ದಿನ ಆಯ್ತು. ಇವತ್ತು ಬತ್ತದೆ ಅಂದ ಬೀಜದಂಗಡಿಯೋನು. ನೀನೊಂದು ಕಿತ ಫೋನ್ ಮಾಡ್ಲಾ.”

“ಮಾಡಿದೀನಿ ಅಕ್ಕ.”

“ಏನಂದ್ರು?”

“ಕಳಿಸ್ತಾರಂತೆ” ಅಂದೆ. ಎರಡನೆಯ ಸುಳ್ಳು. ಮೊದಲನೆಯದಕ್ಕಾದರೂ ಚಪ್ಪಾಳೆ ಸಿಕ್ಕಿತ್ತು.

ಗಾಡಿ ಬರಲಿಲ್ಲ. ಬಳ್ಳಿಯಲ್ಲಿ ಬಿಟ್ಟ ಕಾಯಿ ಮುಷ್ಟಿಗಾತ್ರ ಊದಿ ಹಳದಿಗೆ ತಿರುಗಿತು. ಮೊದಲು ದನ ತಿಂದವು, ಆಮೇಲೆ ದನವೂ ಮೂಸಿ ಮುಖ ತಿರುಗಿಸಿದವು. ಹೊಸೂರಿನ ಮಾರ್ಕೆಟ್ಟಿನಲ್ಲಿ ಅಕ್ಕ ಹೂ ಮಾರಲು ಕೂರುತ್ತಿದ್ದ ಜಾಗದಲ್ಲಿ ಬೇರೆ ಯಾರೋ ಕೂತರು. ಅವಳು ಊರಲ್ಲೇ ಕಂಡವರ ರೋಜಾ ಬೆಳೆಯುವ ಶೆಡ್ಡಿಗೆ ಕೂಲಿಗೆ ಹೋಗತೊಡಗಿದಳು. ಊರಿನಲ್ಲಿ ನನಗೆ ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಆದರೆ ಟೀ ಅಂಗಡಿಯಲ್ಲಿ ಒಬ್ಬ ಇನ್ನೊಬ್ಬನಿಗೆ, “ಲೇ, ಸೆಮಿನಾರ್ ಮಾಡ್ಬೇಡ ಕಣ್ಲಾ, ಇದ್ದಿದ್ದ್ ಹೇಳು” ಅನ್ನುವುದು ನನ್ನ ಕಿವಿಗೆ ಬಿತ್ತು. ಸುಳ್ಳು ಬುರುಡೆ ಬಿಡಬೇಡ ಅನ್ನುವುದಕ್ಕೆ ನಮ್ಮೂರಿನಲ್ಲಿ ಇವತ್ತಿಗೂ ಅದೇ ಮಾತು. ನನ್ನನ್ನು ಕಂಡ ಕೂಡಲೇ ಇಬ್ಬರೂ ಎದ್ದು ಹೋದರು. ನನಗೆ ನಾಚಿಕೆಯಾಯಿತು, ಆ ನಾಚಿಕೆ ಇನ್ನೂ ಹೋಗಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಒಂದು ಎಡವಟ್ಟು ಅಂತ ಬರೆದು ಮುಗಿಸುತ್ತಿದ್ದೆ. ಮುಗಿಯಲಿಲ್ಲ.

ಆ ವರ್ಷದ ಕೊನೆಗೆ ಹೊಸೂರಿನಲ್ಲಿ ಸಂಘದ ದೊಡ್ಡ ಸಭೆ ಇತ್ತು. ಸೆಮಿನಾರಿನಿಂದ ಉಪಯೋಗ ಪಡೆದವರು ನಾಲ್ಕು ಜನ ಬಂದು ಎರಡು ಮಾತು ಆಡಬೇಕು ಅಂತ ಅಧ್ಯಕ್ಷರ ಅಪ್ಪಣೆ. ಸೆಲ್ವಮಣಿ ಸಾರ್ ಡೆಂಕಣಿಕೋಟೆಯ ಹಾಜರಿ ಪುಸ್ತಕ ತೆಗೆದು ಕಣ್ಣಿಗೆ ಬಿದ್ದ ನಾಲ್ಕು ಹೆಸರು ಆರಿಸಿ ಜೀಪು ಕಳಿಸಿದರು. ಒಬ್ಬಳು ಹೆಂಗಸಿರಲಿ ಅಂತ ಆರಿಸಿದ ಹೆಸರು ಪಾಪಮ್ಮ. ನನ್ನ ಅಕ್ಕ ಅಂತ ಅವರಿಗೆ ಗೊತ್ತಿರಲಿಲ್ಲ. ನಾನು ಮೈಕಿನ ವೈರು ನೋಡುತ್ತಿದ್ದವನು ತಲೆಯೆತ್ತಿದರೆ ಮುಂದಿನ ಸಾಲಿನಲ್ಲಿ ಅಕ್ಕ ಕೂತಿದ್ದಾಳೆ.

ಮೂವರು ಮಾತಾಡಿದರು. ವೇದಿಕೆ ಕಂಡು ಹೆದರಿ ಎಲ್ಲ ಚೆನ್ನಾಗಿದೆ ಅಂದು ಇಳಿದರು. ನಾಲ್ಕನೆಯವಳು ಅಕ್ಕ. ಸೆರಗು ಸರಿ ಮಾಡಿಕೊಂಡು ಮೈಕಿನ ಮುಂದೆ ನಿಂತಳು. ಕೂಗಲಿಲ್ಲ, ಅಳಲಿಲ್ಲ.

“ನಾನು ಪಾಪಮ್ಮ. ಬಾಗಲೂರು ಕಡೆಯೋಳು. ಡೆಂಕಣಿಕೋಟೇಲಿ ನೀವು ತಗಳಾನ ಅಂದ್ರಿ. ನಾನು ಕನಕಾಂಬ್ರ ಕಿತ್ತಾಕಿ ಮಿಡಿಸೌತೆ ಹಾಕ್ದೆ. ಇಪ್ಪತ್ತು ದಿನ ರೋಡಲ್ಲಿ ಕೂತು ಕಾದೆ. ಯಾರೂ ಬರ್ನಿಲ್ಲ. ತಗಳಾನ ಅಂದ್ರೆ ಯಾರ್ಯಾರು ಸೇರಿ ತಗಳಾದು? ಹೇಳ್ದೋನೂ ಅದ್ರಲ್ಲಿ ಸೇರಿದ್ನಾ ಇಲ್ವಾ? ಅಷ್ಟು ಹೇಳ್ರಿ, ಹೋಗಿ ಕೂತ್ಕತೀನಿ.”

ಅಧ್ಯಕ್ಷರು ಕೊಯಮತ್ತೂರಿನವರು, ಕನ್ನಡ ಬಾರದು. ಪಕ್ಕದಲ್ಲಿ ಚೆನ್ನೈನಿಂದ ಬಂದ ಮುಖ್ಯ ಅತಿಥಿ. ಇಬ್ಬರೂ ನಗುನಗುತ್ತಾ ನನ್ನ ಕಡೆ ನೋಡಿದರು. ಸೆಲ್ವಮಣಿ ಸಾರ್ ಕೂಡ ನೋಡಿದರು. ಅವರಿಗೆ ಸ್ವಲ್ಪ ಕನ್ನಡ ತಿಳಿಯುತ್ತಿತ್ತು, ಅವರ ಮುಖ ಬಿಳುಚಿಕೊಂಡಿತ್ತು. ನಾನು ಎರಡನೆಯ ಮೈಕು ತೆಗೆದುಕೊಂಡೆ. ತಮಿಳಿನಲ್ಲಿ ಹೇಳಿದ್ದು ಇಷ್ಟು. ಇವರು ಪಾಪಮ್ಮ, ಬಾಗಲೂರಿನವರು. ನಮ್ಮ ಸೆಮಿನಾರಿಗೆ ಬಂದ ಮೇಲೆ ಕನಕಾಂಬರ ಬಿಟ್ಟು ಹೊಸ ಬೆಳೆಗೆ ಬಂದರು. ಎಲ್ಲರಿಗೂ ರೊಂಬ ನನ್ರಿ, ಅಂದರೆ ಬಹಳ ಧನ್ಯವಾದ, ಹೇಳುತ್ತಾ ಇದ್ದಾರೆ.

ಸಭೆ ಚಪ್ಪಾಳೆ ತಟ್ಟಿತು. ಆ ಸಭೆಯಲ್ಲಿ ಅರ್ಧಕ್ಕರ್ಧ ಜನಕ್ಕೆ ಕನ್ನಡ ಬರುತ್ತಿತ್ತು. ನಮ್ಮ ತಾಲ್ಲೂಕಿನವರೇ, ನಮ್ಮ ಜನವೇ. ಅವಳು ಹೇಳಿದ್ದೂ ಕೇಳಿಸಿತ್ತು, ನಾನು ಹೇಳಿದ್ದೂ ಕೇಳಿಸಿತ್ತು. ಒಬ್ಬರೂ ಎದ್ದು, ಇಲ್ಲ, ಆಯಮ್ಮ ಹೇಳಿದ್ದು ಅದಲ್ಲ ಅನ್ನಲಿಲ್ಲ. ಅವರೂ ತಟ್ಟಿದರು. ನಾನು ಹೇಡಿ, ಒಪ್ಪುತ್ತೇನೆ. ಆದರೆ ಅವತ್ತು ಆ ಹಾಲಿನಲ್ಲಿ ನಾನೊಬ್ಬನೇ ಇರಲಿಲ್ಲ. ಅಧ್ಯಕ್ಷರು ಇಳಿದು ಬಂದು ಅಕ್ಕನಿಗೆ ಪೊನ್ನಾಡೆ ಹೊದಿಸಿದರು. ಸನ್ಮಾನದ ಜರಿ ಶಾಲಿಗೆ ನಮ್ಮ ಕಡೆ ಪೊನ್ನಾಡೆ ಅನ್ನುತ್ತಾರೆ. ಫೋಟೋ ಆಯಿತು.

ಊಟದ ಹೊತ್ತಿನಲ್ಲಿ ಕೈ ತೊಳೆಯುವ ನಲ್ಲಿಯ ಹತ್ತಿರ ಅಕ್ಕ ಸಿಕ್ಕಳು. ಪೊನ್ನಾಡೆಯನ್ನು ನಾಲ್ಕು ಮಡಿಕೆ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಬೈಯಲಿ ಅಂತ ಕಾದೆ.

“ನಂಗೂ ತಮಿಳು ಬತ್ತದೆ ಕಣ್ಲಾ ನಂಜ” ಅಂದಳು. “ಇಪ್ಪತ್ತು ವರ್ಷ ಮಾರ್ಕೆಟ್ಟಲ್ಲಿ ಹೂ ಮಾರಿದೀನಿ. ತಗಳೋರು ‘ಲಾಂ’ ಅಂದ್ರೆ ಏನು ಅಂತ ನಂಗೊತ್ತಿಲ್ವಾ? ಅವತ್ತು ಆವಯ್ಯ ಎಡುತ್ತುಕ್ಕಲಾಂ ಅಂದಾಗ ನಂಗೆ ಅನುಮಾನ್ವೇ ಬಂತು. ನೀನು ತಗಳಾನ ಅಂದೆ. ನಮ್ಮ ನಂಜ ಒಳಗಿರೋನು, ಅವನ್ಗೆ ಸರ್ಯಾಗಿ ಗೊತ್ತಿರ್ತದೆ ಅಂದ್ಕಂಡೆ. ನನ್ ಕಿವಿ ಬುಟ್ಟು ನಿನ್ ಬಾಯಿ ನಂಬ್ದೆ.”

ಅವಳು ಪೊನ್ನಾಡೆಯನ್ನು ನನ್ನ ಕೈಗೆ ಕೊಟ್ಟು ಊಟ ಮಾಡದೆ ಬಸ್ ಸ್ಟ್ಯಾಂಡಿಗೆ ನಡೆದಳು. ಜೀಪು ಹತ್ತಲಿಲ್ಲ. ಪೊನ್ನಾಡೆ ವಾಪಸ್ ಬೀರುವಿಗೆ ಹೋಯಿತು. ಮುಂದಿನ ತಿಂಗಳು ತೆರಿಗೆಯ ಸೆಮಿನಾರಿನಲ್ಲಿ ಅದನ್ನೇ ಇನ್ನೊಬ್ಬರಿಗೆ ಹೊದಿಸಿದೆವು.

ಅಲ್ಲಿಂದೀಚೆಗೆ ಅಕ್ಕ ನನ್ನ ಜೊತೆ ಜಗಳವಾಡಲಿಲ್ಲ, ಮಾತೂ ಬಿಡಲಿಲ್ಲ. ಮದುವೆ ಮುಂಜಿಗೆ ಬಂದಳು, ಹೋದಳು. ಆದರೆ ನಾನು ಏನು ಕೇಳಿದರೂ ಒಂದೇ ರೀತಿ ಉತ್ತರ ಕೊಡತೊಡಗಿದಳು. “ಹಬ್ಬಕ್ಕೆ ಬತ್ತೀಯಾ ಅಕ್ಕ?” ಅಂದರೆ, “ಬರಬೌದು.” “ಆಸ್ಪತ್ರೆಗೆ ಹೋಗಿ ಸೊಂಟ ತೋರಿಸ್ಕೊಳ್ತೀಯಾ?” “ತೋರಿಸ್ಬೌದು.” ನಾನು ಬಾಯಿ ತಪ್ಪಿ “ಊಟ ಮಾಡಾನ ಬಾ ಅಕ್ಕ” ಅಂದರೆ, “ಆನ ಅನ್ಬೇಡ. ನೀನು ಮಾಡು, ನಾನು ಆಮೇಲ್ ಮಾಡ್ತೀನಿ” ಅನ್ನುತ್ತಿದ್ದಳು. ನಾವಿಬ್ಬರೂ ಸೇರುವ ಒಂದು ಪ್ರತ್ಯಯ ನಮ್ಮ ಮನೆಯಿಂದ ಹೋಯಿತು.

ಕೆಲಸದ ರೀತಿ ಆಮೇಲೆ ಬಹಳ ಬದಲಾಯಿತು. ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆಯುವವರು ಹೋಗಿ ಫ್ಲೆಕ್ಸ್ ಬಂತು. ಅದರಲ್ಲಿ ಕನ್ನಡದ ಒತ್ತಕ್ಷರ ಒಡೆದು ಒಂದೊಂದು ಕಡೆ ಬೀಳುತ್ತಿತ್ತು, ‘ಉದ್ಘಾಟನೆ’ ಅನ್ನುವ ಪದ ಸರಿಯಾಗಿ ಮೂಡಿದ ಒಂದು ಫ್ಲೆಕ್ಸನ್ನೂ ನಾನು ಕಾಣಲಿಲ್ಲ. ಅಂಚೆಯಲ್ಲಿ ಹೋಗುತ್ತಿದ್ದ ಆಹ್ವಾನ ವಾಟ್ಸಾಪಿಗೆ ಬಂತು. ಕೊರೋನಾದಲ್ಲಿ ಹಾಲೇ ಇಲ್ಲದೆ ಪರದೆಯ ಮೇಲೆ ಸೆಮಿನಾರ್ ನಡೆಸಿದೆವು. ಅಲ್ಲಿ ಕುರ್ಚಿ ತುಂಬುವ ಬದಲು ನಮ್ಮ ಆಫೀಸಿನವರೇ ಎರಡೆರಡು ಫೋನಿನಿಂದ ಸೇರಿಕೊಂಡು ಸಂಖ್ಯೆ ತುಂಬಿಸಿದರು. ಸೆಲ್ವಮಣಿ ಸಾರ್ ನಿವೃತ್ತರಾಗಿ ಊರಿಗೆ ಹೋದರು. ನಾನು ಕಲಿಸಿದ ಕಲೈಸೆಲ್ವಿ ಅನ್ನುವ ಹೆಣ್ಣುಮಗಳು ಈಗ ಎಲ್ಲ ನೋಡಿಕೊಳ್ಳುತ್ತಾಳೆ. ನನಗಿಂತ ಚುರುಕು.

ಅವಳೇ ಒಂದು ದಿನ ಫೋನಿನಲ್ಲಿ ಭಾಷೆ ಬದಲಿಸುವ ವಿದ್ಯೆ ತೋರಿಸಿದಳು. “ಇನ್ನು ನಿಮಗೆ ಕಷ್ಟ ಇಲ್ಲ ಸಾರ್, ತಮಿಳು ಹೇಳಿದರೆ ಕನ್ನಡ ಬರುತ್ತೆ” ಅಂದಳು. ನಾನು ಅವಳ ಕೈಯಿಂದ ಫೋನ್ ತೆಗೆದುಕೊಂಡು ಮೂಲೆಗೆ ಹೋಗಿ ‘ಎಡುತ್ತುಕ್ಕಲಾಂ’ ಅಂದೆ. ತೆಗೆದುಕೊಳ್ಳಬಹುದು ಅಂತ ಬಂತು. ಇನ್ನೊಂದು ಸಲ, ಗಟ್ಟಿಯಾಗಿ, ವೇದಿಕೆಯ ದನಿಯಲ್ಲಿ ಹೇಳಿದೆ. ಆಗಲೂ ಬಹುದು ಅಂತಲೇ ಬಂತು. ಅದಕ್ಕೆ ಸಭೆಯ ಹಂಗಿಲ್ಲ, ಚಪ್ಪಾಳೆಯ ಆಸೆಯಿಲ್ಲ. ನನಗೆ ಆ ಯಂತ್ರದ ಮೇಲೆ ಹೊಟ್ಟೆಕಿಚ್ಚಾಯಿತು.

ನಾನು ನಿವೃತ್ತನಾದಾಗ ಸಂಘದವರು ಬೀಳ್ಕೊಡುಗೆ ಇಟ್ಟರು. ನನಗೂ ಒಂದು ಪೊನ್ನಾಡೆ. ಮುಂದಿನ ಸಾಲಿನಲ್ಲಿ ಮಧ್ಯದ ಕುರ್ಚಿಗೆ ನಾನೇ ಅಕ್ಕನ ಹೆಸರು ಬರೆದ ಚೀಟಿ ಅಂಟಿಸಿದೆ. ಎಲ್ಲರ ಮುಂದೆ, ಮೈಕಿನಲ್ಲಿ, ಮೂರು ಭಾಷೆಯಲ್ಲೂ ನಡೆದದ್ದನ್ನು ಹೇಳಿಬಿಡಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೆ. ಹಿಂದಿನ ದಿನ ಫೋನ್ ಮಾಡಿ, “ನಾಳೆ ಬತ್ತೀಯಾ ಅಕ್ಕ?” ಅಂದೆ.

“ಬರಬೌದು” ಅಂದಳು.

ಅಂದರೆ ಬರುವುದಿ‌ಲ್ಲ ಅಂದುಕೊಂಡೆ. ಈ ವೃತ್ತಿಯಲ್ಲಿ ಕೇಳಿದ ಲಾಂಗಳೆಲ್ಲ ಹಾಗೇ ತಾನೆ ಇದ್ದದ್ದು. ಹನ್ನೊಂದು ಗಂಟೆಯಾದರೂ ಕುರ್ಚಿ ಖಾಲಿ ಇತ್ತು. ಕಲೈಸೆಲ್ವಿ ವೇದಿಕೆಯಿಂದ ಅದನ್ನು ನೋಡಿದಳು. ನಾನು ಕಲಿಸಿದ ಹಾಗೆಯೇ, ಎರಡು ನಿಮಿಷದೊಳಗೆ ಚೀಟಿ ಕಿತ್ತು, ಅಡುಗೆಯವರ ಕಡೆಯ ಒಬ್ಬ ಹೆಂಗಸನ್ನು ಕರೆತಂದು ಕೂರಿಸಿದಳು. ನಾನು ಬೇಡ ಅನ್ನಲಿಲ್ಲ. ನನ್ನ ಸರದಿ ಬಂದಾಗ ಮೈಕು ಹಿಡಿದು ಮುಂದಿನ ಸಾಲು ನೋಡಿದೆ. ಯಾರಿಗೆ ಹೇಳಬೇಕೋ ಅವಳೇ ಇಲ್ಲವಲ್ಲ ಅಂತ, ಎಲ್ಲರಿಗೂ ರೊಂಬ ನನ್ರಿ ಅಂತ ಹೇಳಿ ಕೂತೆ. ಚಪ್ಪಾಳೆ ಜೋರಾಗಿತ್ತು.

ವಾರ ಕಳೆದು ಕಲೈಸೆಲ್ವಿ ಫೋಟೋ ಕಳಿಸಿದಳು. ವೇದಿಕೆಯಿಂದ ಜನರ ಕಡೆ ತಿರುಗಿ ಹನ್ನೊಂದೂವರೆಗೆ ತೆಗೆದದ್ದು. ಒಂದು ಕುರ್ಚಿಯೂ ಖಾಲಿ ಇಲ್ಲ. ಎಲ್ಲಕ್ಕಿಂತ ಹಿಂದೆ, ಬಾಗಿಲ ಪಕ್ಕ, ಪೇರಿಸಿಟ್ಟ ಕುರ್ಚಿಗಳ ಹತ್ತಿರ ಅಕ್ಕ ನಿಂತಿದ್ದಾಳೆ. ಹೊಸ ಸೀರೆ, ಮುಡಿಯಲ್ಲಿ ಕನಕಾಂಬರ.

ಫೋನ್ ಮಾಡಿದೆ.

“ಅವತ್ತು ಬಂದಿದ್ಯಾ ಅಕ್ಕ?”

“ಬರಬೌದು ಅಂದಿದ್ನಲ್ಲಾ” ಅಂದಳು. “ಬಸ್ಸು ತಡ ಆಯ್ತು. ನನ್ ಕುರ್ಚೀಲಿ ಯಾರೋ ಕೂತಿದ್ರು. ನೀನು ಮೈಕಲ್ಲಿ ಏನ್ ಹೇಳ್ತೀಯೋ ಕೇಳಾನ ಅಂತ ನಿಂತಿದ್ದೆ.”